ಟಿ.ಸಿ.ಯಲ್ಲಿ ಜಾಗ ಇದೆಯೇ?

ದಾವಣಗೆರೆಯಲ್ಲಿ ಈಗ ಮನೆ ಕಟ್ಟಿಸುವವರು ತಾರಸಿಗೆ ಮೋಲ್ಡ್ ಹಾಕುವ ಹೊತ್ತಿಗೇ ಸೋಲಾರ್ ಮಾತು ಎತ್ತುತ್ತಾರೆ. ಎಷ್ಟು ಕಿಲೋವ್ಯಾಟ್ ಬೇಕು, ಯಾವ ಕಂಪನಿಯ ಪ್ಯಾನೆಲ್ ಒಳ್ಳೆಯದು, ಸಬ್ಸಿಡಿ ಎಷ್ಟು ಸಿಗುತ್ತದೆ, ಹಾಕಿದ ದುಡ್ಡು ಎಷ್ಟು ವರ್ಷಕ್ಕೆ ಕೈಗೆ ಬರುತ್ತದೆ, ಎಲ್ಲವನ್ನೂ ವಿಚಾರಿಸುತ್ತಾರೆ. ಬೀದಿಯ ಮೂಲೆಯಲ್ಲಿ ಎರಡು ಕಂಬಗಳ ನಡುವೆ ಗುಂಯ್‌ಗುಡುತ್ತ ಕೂತಿರುವ ಟಿ.ಸಿ.ಯ (ಟ್ರಾನ್ಸ್‌ಫಾರ್ಮರ್) ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ತಾರಸಿಯ ಮೇಲೆ ಹುಟ್ಟಿದ ಕರೆಂಟು ನಿಮ್ಮ ಮನೆಯಲ್ಲಿ ಖರ್ಚಾಗದೆ ಉಳಿದರೆ ಅದು ಹೋಗಬೇಕಾದದ್ದು ಆ ಟಿ.ಸಿ.ಗೆ ಸೇರಿದ ತಂತಿಯ ಮೂಲಕವೇ. ಆ ತಂತಿಯಲ್ಲಿ, ಆ ಪೆಟ್ಟಿಗೆಯಲ್ಲಿ ಅದಕ್ಕೆ ಜಾಗ ಇದೆಯೇ ಎಂಬುದೇ ಇವತ್ತಿನ ಮುಖ್ಯ ಪ್ರಶ್ನೆ. ಸೂರ್ಯ, ಗಾಳಿ ಎರಡೂ ನಮ್ಮಲ್ಲಿ ಬೇಕಾದಷ್ಟಿವೆ. ಪ್ಯಾನೆಲ್ ಬೆಲೆ ಇಳಿದಿದೆ. ಈಗ ಕೊರತೆ ಬಿದ್ದಿರುವುದು ತಂತಿಯಲ್ಲಿ, ಆ ತಂತಿಯ ಲೆಕ್ಕವನ್ನು ಜನರಿಗೆ ತೋರಿಸುವ ಮನಸ್ಸಿನಲ್ಲಿ.

ನಮ್ಮ ವಿದ್ಯುತ್ ಜಾಲ ಹುಟ್ಟಿದ್ದೇ ಒಂದು ದಿಕ್ಕಿನ ಹರಿವಿಗಾಗಿ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದಾಗಿನಿಂದ ಕ್ರಮ ಒಂದೇ: ದೂರದಲ್ಲಿ ಉತ್ಪಾದನೆ, ಊರಿನಲ್ಲಿ ಬಳಕೆ. ಹರಿಹರದ ಪಕ್ಕದ ಗುತ್ತೂರಿನಲ್ಲಿ ರಾಜ್ಯದ ವಿದ್ಯುತ್ ಪ್ರಸರಣ ಕಂಪನಿ ಕೆಪಿಟಿಸಿಎಲ್‌ನ 400 ಕೆ.ವಿ. ಕೇಂದ್ರವಿದೆ. ಹೆದ್ದಾರಿಯಲ್ಲಿ ಹೋಗುವವರು ದೈತ್ಯ ಗೋಪುರಗಳು ಸಾಲುಗಟ್ಟಿ ಅಲ್ಲಿಗೆ ಇಳಿಯುವುದನ್ನು ನೋಡಿರುತ್ತೀರಿ. ಕೈಗಾ ಅಣುಸ್ಥಾವರದ ಲೈನು ಬರುವುದೂ ಅಲ್ಲಿಗೇ. ಅಲ್ಲಿಂದ 220 ಕೆ.ವಿ., ಆಮೇಲೆ 66 ಕೆ.ವಿ., ಆಮೇಲೆ ಬಡಾವಣೆಗೆ ಬರುವ 11 ಕೆ.ವಿ. ಫೀಡರ್, ಕೊನೆಗೆ ಟಿ.ಸಿ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ವೋಲ್ಟೇಜ್ ಇಳಿದು ಮನೆಯ ಮೀಟರಿಗೆ 230 ವೋಲ್ಟ್ ತಲುಪುತ್ತದೆ.

ಭದ್ರಾ ನಾಲೆಯನ್ನು ಬಲ್ಲ ನಮ್ಮ ಜಿಲ್ಲೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಮುಖ್ಯ ನಾಲೆ ಅಗಲ, ಉಪನಾಲೆ ಕಿರಿದು, ಹೊಲಗಾಲುವೆ ಇನ್ನೂ ಕಿರಿದು. ಅಚ್ಚುಕಟ್ಟಿನ ಕೊನೆಗಿರುವ ಮಲೇಬೆನ್ನೂರು, ಹರಿಹರದ ಕಡೆಯ ರೈತರಿಗೆ ನೀರು ಮುಟ್ಟುವುದು ಎಷ್ಟು ಕಷ್ಟ ಎಂಬುದಕ್ಕೆ ಪ್ರತಿ ಬೇಸಿಗೆಯ ಧರಣಿಗಳೇ ಸಾಕ್ಷಿ. ವಿದ್ಯುತ್ ತಂತಿಯೂ ಹಾಗೆಯೇ, ಕೊನೆಗೆ ಹೋದಂತೆ ತೆಳ್ಳಗಾಗುತ್ತದೆ. ಸಂಜೆ ಏಳಕ್ಕೆ ಬೀದಿಯ ಕೊನೆಯ ಮನೆಯಲ್ಲಿ ಮಿಕ್ಸಿ ಎಳೆದೆಳೆದು ತಿರುಗುವುದು ಅದಕ್ಕೇ. ಈಗ ಆ ಕೊನೆಯ ಹೊಲಗಾಲುವೆಯಿಂದಲೇ ನೀರನ್ನು ಹಿಂದಕ್ಕೆ, ಮೇಲಕ್ಕೆ ನೂಕಲು ಹೊರಟಿದ್ದೇವೆ. ಆಗುವುದಿಲ್ಲ ಎಂದಲ್ಲ. ಆಗುತ್ತದೆ, ಆದರೆ ಕಾಲುವೆಯ ಅಳತೆ ಗೊತ್ತಿರಬೇಕು.

ಆ ಅಳತೆಯನ್ನು ಒಂದು ಬೀದಿಯ ಮಟ್ಟದಲ್ಲಿ ನೋಡೋಣ. 100 ಕೆ.ವಿ.ಎ. ಟಿ.ಸಿ. ಎಂದಿಟ್ಟುಕೊಳ್ಳಿ. ಅದರ ಕೆಳಗಿನ ಇಪ್ಪತ್ತು ಮನೆಗಳವರು ತಲಾ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದರು. ಮಟಮಟ ಮಧ್ಯಾಹ್ನ ಅಷ್ಟೂ ಸೇರಿ 60 ಕಿಲೋವ್ಯಾಟ್‌ವರೆಗೂ ಹೊಮ್ಮಬಹುದು. ಆ ಹೊತ್ತಿನಲ್ಲಿ ಮನೆಯವರು ಕೆಲಸದಲ್ಲಿ, ಮಕ್ಕಳು ಶಾಲೆಯಲ್ಲಿ. ಫ್ರಿಜ್, ಒಂದೆರಡು ಫ್ಯಾನು ಬಿಟ್ಟರೆ ಖರ್ಚಿಲ್ಲ. ಇಡೀ ಬೀದಿಯ ಬಳಕೆ 15 ಕಿಲೋವ್ಯಾಟ್ ಇದ್ದರೆ ಉಳಿದ 45 ಕಿಲೋವ್ಯಾಟ್ ಹಿಮ್ಮುಖವಾಗಿ ಟಿ.ಸಿ. ಏರಿ 11 ಕೆ.ವಿ. ಲೈನಿಗೆ ಹೋಗಬೇಕು. ಟಿ.ಸಿ. ಸುಡುವುದಿಲ್ಲ, ಅದರ ಸಾಮರ್ಥ್ಯದೊಳಗೇ ಇದೆ. ತೊಂದರೆ ಬರುವುದು ವೋಲ್ಟೇಜಿನಲ್ಲಿ.

ಮುಂದಿನ ಸಲ ಟಿ.ಸಿ. ಹತ್ತಿರ ಹೋದಾಗ, ಬೇಲಿಯ ಆಚೆ ದೂರದಲ್ಲೇ ನಿಂತು, ಅದರ ಮೈಮೇಲಿನ ಲೋಹದ ಪಟ್ಟಿ ನೋಡಿ. 11000/433 ಎಂದು ಕೆತ್ತಿರುತ್ತದೆ. 433 ಎಂಬುದು ಎರಡು ಫೇಸ್‌ಗಳ ನಡುವಿನ ವೋಲ್ಟೇಜ್. ಒಂದು ಫೇಸಿನ ಲೆಕ್ಕಕ್ಕೆ ತಂದರೆ 250 ವೋಲ್ಟ್. ಅಂದರೆ ಲೋಡೇ ಇಲ್ಲದಿದ್ದಾಗ ಟಿ.ಸಿ.ಯ ಬಾಯಲ್ಲಿ ಇರುವುದು 230 ಅಲ್ಲ, 250. ಸಂಜೆ ಎಲ್ಲರೂ ದೀಪ, ಟಿ.ವಿ., ಮೋಟಾರು ಹಾಕಿದಾಗ ತಂತಿಯುದ್ದಕ್ಕೂ ವೋಲ್ಟೇಜ್ ಬೀಳುತ್ತ ಹೋಗಿ ಕೊನೆಯ ಮನೆಗೂ ಒಂದಿಷ್ಟು ಉಳಿಯಲಿ ಎಂದು ಮಾಡಿಕೊಂಡ ಏರ್ಪಾಡು ಅದು. ಸೋಲಾರ್ ಬಂದಾಗ ಇದೇ ಏರ್ಪಾಡು ತಿರುಗಿ ಬೀಳುತ್ತದೆ. ತಂತಿಗೆ ವಿದ್ಯುತ್ ನೂಕಬೇಕಾದರೆ ಇನ್ವರ್ಟರ್ ತನ್ನ ವೋಲ್ಟೇಜನ್ನು ತಂತಿಯದಕ್ಕಿಂತ ತುಸು ಮೇಲಿಡಬೇಕು. ಬೀದಿಯ ಕೊನೆಯ ತೆಳು ತಂತಿಯಲ್ಲಿ ಆ ತುಸು ಎಂಬುದು ಹತ್ತು ವೋಲ್ಟ್ ಆಗಿಬಿಡಬಹುದು.

ಇನ್ವರ್ಟರಿಗೆ ಮಿತಿಯಿದೆ. ಕೇಂದ್ರ ವಿದ್ಯುತ್ ಪ್ರಾಧಿಕಾರ 2013ರಲ್ಲಿ ಮಾಡಿದ ನಿಯಮದ ಪ್ರಕಾರ ವೋಲ್ಟೇಜ್ ನಿಗದಿತ ಮಟ್ಟದ ಶೇ 110 ಮೀರಿದರೆ ಅಥವಾ ಶೇ 80ಕ್ಕಿಂತ ಇಳಿದರೆ ಎರಡು ಸೆಕೆಂಡಿನೊಳಗೆ ಅದು ಜಾಲದಿಂದ ಕಳಚಿಕೊಳ್ಳಬೇಕು. 230ರ ಶೇ 110 ಎಂದರೆ 253 ವೋಲ್ಟ್. ಟಿ.ಸಿ.ಯ 250ಕ್ಕೂ ಈ 253ಕ್ಕೂ ಇರುವ ಅಂತರ ನೋಡಿ. ಬಿಸಿಲು ಜೋರಾಗಿರುವ ಹೊತ್ತಿಗೇ ಇನ್ವರ್ಟರ್ ಪಟ್ಟನೆ ಆಫ್ ಆಗುವುದು, ಐದು ನಿಮಿಷ ಬಿಟ್ಟು ಮತ್ತೆ ಬರುವುದು, ಮತ್ತೆ ಹೋಗುವುದು, ಇಂಥ ದೂರುಗಳ ಮೂಲ ಬಹಳ ಸಲ ಇದೇ. ಮಾಲೀಕರು ಪ್ಯಾನೆಲ್ ಕೊಟ್ಟವನನ್ನು ಬೈಯುತ್ತಾರೆ. ಅವನು ವಿತರಣಾ ಕಂಪನಿ ಬೆಸ್ಕಾಂ ಕಡೆ ಕೈ ತೋರಿಸುತ್ತಾನೆ. ಲೈನ್‌ಮನ್ ಬಂದು ಜಂಪರ್ ಬಿಗಿ ಮಾಡಿ ಹೋಗುತ್ತಾನೆ. ಬೀದಿಯ ಮೊದಲ ಮನೆಯವರಿಗೆ ತಿಂಗಳಿಗೆ ಬರುವಷ್ಟು ಯೂನಿಟ್ ಕೊನೆಯ ಮನೆಯವರಿಗೆ ಬರುವುದೇ ಇಲ್ಲ, ಇಬ್ಬರೂ ಒಂದೇ ಪ್ಯಾನೆಲ್ ಹಾಕಿಸಿದ್ದರೂ.

ಇದರ ಜೊತೆಗೆ ಜನ ಕೇಳುವ ಇನ್ನೊಂದು ಪ್ರಶ್ನೆಗೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ತಾರಸಿ ತುಂಬ ಪ್ಯಾನೆಲ್ ಇದ್ದರೂ ಕರೆಂಟು ಹೋದಾಗ ನಮ್ಮ ಮನೆಯೂ ಏಕೆ ಕತ್ತಲು? ಲೈನ್ ಆಫ್ ಮಾಡಿ ಕಂಬ ಹತ್ತಿದ ಕೆಲಸಗಾರನ ಜೀವ ಅದಕ್ಕೆ ಕಾರಣ. ಜಾಲ ಸತ್ತಾಗ ಇನ್ವರ್ಟರೂ ನಿಲ್ಲಲೇಬೇಕು, ಇಲ್ಲವಾದರೆ ನಿಮ್ಮ ತಾರಸಿಯ ವಿದ್ಯುತ್ ಟಿ.ಸಿ. ಮೂಲಕ ಹಿಂದಕ್ಕೆ ಏರಿ 11 ಸಾವಿರ ವೋಲ್ಟ್ ಆಗಿ ಅವನ ಕೈಯಲ್ಲಿರುತ್ತದೆ. ಈ ನಿಯಮದಲ್ಲಿ ಯಾವ ರಿಯಾಯಿತಿಯನ್ನೂ ಯಾರೂ ಕೇಳಬಾರದು. ಬ್ಯಾಟರಿ ಇಟ್ಟುಕೊಂಡು, ಜಾಲದಿಂದ ಬೇರ್ಪಡುವ ಸ್ವಿಚ್ ಇರುವ ಹೈಬ್ರಿಡ್ ಇನ್ವರ್ಟರ್ ಹಾಕಿಸಿದರೆ ಮನೆಗೆ ಮಾತ್ರ ಬೆಳಕು ಉಳಿಸಿಕೊಳ್ಳಬಹುದು.

ಈಗ ಸರ್ಕಾರ ಮಾಡಿರುವುದು ನೋಡಿ. 2024ರ ಫೆಬ್ರವರಿಯಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂತು. ಒಂದು ಕೋಟಿ ಮನೆಗಳ ಗುರಿ, 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ. ಅದೇ ತಿಂಗಳು ಗ್ರಾಹಕರ ಹಕ್ಕುಗಳ ನಿಯಮಕ್ಕೂ ತಿದ್ದುಪಡಿಯಾಯಿತು. 10 ಕಿಲೋವ್ಯಾಟ್‌ವರೆಗಿನ ಅರ್ಜಿಗೆ ತಾಂತ್ರಿಕ ಪರಿಶೀಲನೆ ಬೇಡ, ಅರ್ಜಿ ಪೂರ್ಣವಾಗಿದ್ದರೆ ಒಪ್ಪಿಗೆ ಸಿಕ್ಕಿತೆಂದೇ ಲೆಕ್ಕ. ಅದಕ್ಕಿಂತ ದೊಡ್ಡದಾದರೆ 15 ದಿನದಲ್ಲಿ ಪರಿಶೀಲನೆ ಮುಗಿಸಬೇಕು. 5 ಕಿಲೋವ್ಯಾಟ್‌ವರೆಗೆ ತಂತಿ, ಟಿ.ಸಿ. ಬಲಪಡಿಸುವ ಖರ್ಚು ವಿತರಣಾ ಕಂಪನಿಯದೇ. ಇದು ಗ್ರಾಹಕರಿಗೆ ಸಿಕ್ಕ ದೊಡ್ಡ ಬಲ. ಸೆಕ್ಷನ್ ಆಫೀಸಿನ ಮೇಜಿನ ಮೇಲೆ ಅರ್ಜಿ ತಿಂಗಳುಗಟ್ಟಲೆ ಕೂರುವ ಕಾಲ ಕಾನೂನಿನ ಮಟ್ಟಿಗಾದರೂ ಮುಗಿಯಿತು. ಆದರೆ ಪರಿಶೀಲನೆ ಬೇಡ ಎಂದ ಮಾತ್ರಕ್ಕೆ ತಂತಿ ದಪ್ಪವಾಗುವುದಿಲ್ಲ. ಪರಿಶೀಲಿಸದೆ ಒಪ್ಪಿದ್ದರ ಫಲ ಬೀದಿಯಲ್ಲಿ 253 ವೋಲ್ಟ್ ಆಗಿ ಕಾಣಿಸಿಕೊಳ್ಳುತ್ತದೆ. ಒಪ್ಪಿಗೆ ತಾನಾಗಿ ಸಿಗುವಂತಾದ ಮೇಲೆ ಬಲಪಡಿಸುವ ಕೆಲಸವೂ ತಾನಾಗಿ ಶುರುವಾಗಬೇಕಿತ್ತು. ಅದು ಇನ್ನೂ ದೂರು ಬಂದ ಮೇಲೆ ನಡೆಯುವ ಕೆಲಸವಾಗಿಯೇ ಉಳಿದಿದೆ.

ಕರ್ನಾಟಕದ್ದೇ ಆದ ಒಂದು ಅಂಶವೂ ಇದೆ. 2023ರಿಂದ ಗೃಹಜ್ಯೋತಿ ಯೋಜನೆ ಬಂದ ಮೇಲೆ 200 ಯೂನಿಟ್ ಒಳಗಿನ, ತನ್ನ ಹಳೆಯ ಸರಾಸರಿ ಮೀರದ ಮನೆಗೆ ಬಿಲ್ಲು ಸೊನ್ನೆ. ಬಡವರ ಮನೆಗೆ ಅದು ದೊಡ್ಡ ಆಸರೆ, ನಾನು ಅದರ ಪರವಾಗಿಯೇ ಇದ್ದೇನೆ. ಬಿಲ್ಲೇ ಇಲ್ಲದವರು ಸೋಲಾರ್‌ಗೆ ಸಾಲ ಮಾಡುವುದಿಲ್ಲ ಎಂಬುದೂ ಅಷ್ಟೇ ನಿಜ. ಹಾಗಾಗಿ ತಾರಸಿ ಸೋಲಾರ್ ದೊಡ್ಡ ಮನೆಗಳಿರುವ ಬಡಾವಣೆಗಳಲ್ಲೇ ಗುಂಪುಗೂಡುತ್ತದೆ. ಎಂ.ಸಿ.ಸಿ. ‘ಬಿ’ ಬ್ಲಾಕ್, ವಿದ್ಯಾನಗರದಂಥ ಕಡೆ ಕೆಲವು ಟಿ.ಸಿ.ಗಳ ಮೇಲೆ ಒತ್ತಡ, ಹಳೇ ದಾವಣಗೆರೆಯ ಓಣಿಗಳ ಟಿ.ಸಿ.ಗಳಲ್ಲಿ ಖಾಲಿ ಜಾಗ.

ಇದಕ್ಕೆ ನನ್ನ ದೃಷ್ಟಿಯಲ್ಲಿ ಮೊದಲ ಪರಿಹಾರ, ಹಗಲು ವಿದ್ಯುತ್ ಬಳಸುವ ಕಟ್ಟಡಗಳ ಮೇಲೆ ಮೊದಲು ಪ್ಯಾನೆಲ್ ಹಾಕುವುದು. ದಾವಣಗೆರೆ ಕಾಲೇಜುಗಳ ಊರು, ಆಸ್ಪತ್ರೆಗಳ ಊರು. ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಅಲ್ಲಿ ಹವಾನಿಯಂತ್ರಕ, ಎಕ್ಸ್‌ರೇ, ಪ್ರಯೋಗಾಲಯ, ಲಿಫ್ಟು ಎಲ್ಲ ನಡೆಯುತ್ತಿರುತ್ತವೆ. ತಾರಸಿಯಲ್ಲಿ ಹುಟ್ಟಿದ್ದು ಕಟ್ಟಡದೊಳಗೇ ಮುಗಿಯುತ್ತದೆ, ಬೀದಿಯ ತಂತಿಗೆ ಬರುವುದೇ ಇಲ್ಲ. ಅಕ್ಕಿ ಗಿರಣಿಗಳ ವಿಶಾಲ ತಗಡಿನ ಚಾವಣಿಗಳೂ ಹಾಗೆಯೇ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಇವತ್ತು ನಡೆಯುತ್ತಿದ್ದಿದ್ದರೆ ಆ ಊರಿನ ಮಧ್ಯಾಹ್ನದ ಸೋಲಾರನ್ನೆಲ್ಲ ಅದರ ಲೇತ್‌ಗಳೇ ನುಂಗಿಬಿಡುತ್ತಿದ್ದವು. ಕಾರ್ಖಾನೆ ಮುಚ್ಚಿ ಎರಡು ದಶಕ ಮೀರಿತು. ಹಗಲಿನ ಉದ್ಯೋಗ ಹೋದ ಊರಿನಲ್ಲಿ ಹಗಲಿನ ವಿದ್ಯುತ್ತಿಗೂ ಗಿರಾಕಿ ಕಡಿಮೆ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ನಗರಗಳ ಪಟ್ಟಿಯಲ್ಲೇ ದಾವಣಗೆರೆಯ ಹೆಸರು ಬಂದಿತ್ತು. ಅಂಥ ನಗರದಲ್ಲಿ ಸಾರ್ವಜನಿಕ ಕಟ್ಟಡವೊಂದರ ತಾರಸಿಯೂ ಖಾಲಿ ಉಳಿಯಬಾರದು.

ತಾರಸಿ ಬಿಟ್ಟು ಹೊಲಕ್ಕೆ ಬಂದರೆ ಲೆಕ್ಕ ದೊಡ್ಡದಾಗುತ್ತದೆ. ಒಂದು ಮೆಗಾವ್ಯಾಟ್ ಸೋಲಾರ್‌ಗೆ ಸುಮಾರು ನಾಲ್ಕು ಎಕರೆ ಬೇಕು. ಹಳ್ಳಿ ಕಡೆಯ 11 ಕೆ.ವಿ. ಫೀಡರ್ ಹೆಚ್ಚೆಂದರೆ ಮೂರೂವರೆ, ನಾಲ್ಕು ಮೆಗಾವ್ಯಾಟ್ ಹೊರಬಲ್ಲದು. ಅದಕ್ಕಿಂತ ದೊಡ್ಡ ಯೋಜನೆಯಾದರೆ 66 ಕೆ.ವಿ. ಸಬ್ ಸ್ಟೇಷನ್ನಿಗೆ ಸ್ವಂತ ಲೈನ್ ಎಳೆದು, ಅಲ್ಲಿ ‘ಬೇ’ ಎಂಬ ಒಂದು ಅಂಕಣ ಪಡೆದು, ಬ್ರೇಕರು, ಮೀಟರು, ರಿಲೇ ಕೂರಿಸಿ ಸೇರಬೇಕು. ಪ್ಯಾನೆಲ್ ಹಾಕುವುದು ಕೆಲವೇ ತಿಂಗಳ ಕೆಲಸ. ಭೂಪರಿವರ್ತನೆ, ವಿದ್ಯುತ್ ಸಾಗಣೆಯ ಅನುಮತಿ, ಬೇ ಹಂಚಿಕೆ, ಇವುಗಳ ಕಡತ ಓಡಾಡುವುದಕ್ಕೆ ವರ್ಷವೇ ಬೇಕು.

ಇದರಿಂದ ಆದ ನಷ್ಟ ಸಣ್ಣದಲ್ಲ. 2014ರ ರಾಜ್ಯ ಸೌರ ನೀತಿಯಲ್ಲಿ ಜಮೀನಿರುವ ರೈತರು 1ರಿಂದ 3 ಮೆಗಾವ್ಯಾಟ್ ಘಟಕ ಹಾಕಿ ಯೂನಿಟ್ಟಿಗೆ 8 ರೂಪಾಯಿ 40 ಪೈಸೆಯಂತೆ ಮಾರುವ ಯೋಜನೆಯಿತ್ತು. ಒಪ್ಪಂದವಾಗಿ 18 ತಿಂಗಳಲ್ಲಿ ವಿದ್ಯುತ್ ಹರಿಯಬೇಕಿತ್ತು. ಅನುಮತಿಗಳು ತಡವಾದವು, ಗಡುವು ದಾಟಿತು, ತಡವಾದದ್ದಕ್ಕೆ ದರ ಕಡಿತವಾಯಿತು. ಬೆಸ್ಕಾಂ ಮತ್ತು ಹಿರೇಹಳ್ಳಿ ಸೋಲಾರ್ ಯೋಜನೆಯ ನಡುವಿನ ಅಂಥ ಒಂದು ವ್ಯಾಜ್ಯ ವಿದ್ಯುತ್ ನಿಯಂತ್ರಣ ಆಯೋಗ, ಮೇಲ್ಮನವಿ ನ್ಯಾಯಮಂಡಳಿ ದಾಟಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ತಡಕ್ಕೆ ಸರ್ಕಾರಿ ಅನುಮತಿಗಳೇ ಕಾರಣ, ಘಟಕದವರನ್ನು ದಂಡಿಸುವಂತಿಲ್ಲ ಎಂದು 2024ರ ಆಗಸ್ಟಿನಲ್ಲಿ ತೀರ್ಪಾಯಿತು. ನ್ಯಾಯ ಸಿಕ್ಕಿತು ನಿಜ. ಆದರೆ ದೆಹಲಿಯವರೆಗೆ ಹೋಗಿ ವರ್ಷಗಟ್ಟಲೆ ಕಾಯುವ ಶಕ್ತಿ ಎಷ್ಟು ರೈತರಿಗಿದೆ?

ಪಿಎಂ ಕುಸುಮ್ ಯೋಜನೆಯ ‘ಸಿ’ ಭಾಗ ಇದಕ್ಕಿಂತ ಜಾಣ ದಾರಿ ಎಂದು ನನಗನ್ನಿಸುತ್ತದೆ. ಸಬ್ ಸ್ಟೇಷನ್ ಪಕ್ಕದ ಜಮೀನಿನಲ್ಲೇ ಸಣ್ಣ ಸೋಲಾರ್ ಘಟಕ ಹಾಕಿ, ಅಲ್ಲಿಂದ ಹೊರಡುವ ಐಪಿ ಸೆಟ್ (ನೀರಾವರಿ ಪಂಪ್‌ಸೆಟ್) ಫೀಡರಿಗೆ ನೇರವಾಗಿ ಕೊಡುವುದು. ಐದು ಎಚ್.ಪಿ. ಮೋಟಾರಿಗೆ ಹತ್ತಿರಹತ್ತಿರ ಮೂರೂಮುಕ್ಕಾಲು ಕಿಲೋವ್ಯಾಟ್ ಬೇಕು. ಬಿಸಿಲಿನ ಹೊತ್ತಿನಲ್ಲಿ ಒಂದು ಮೆಗಾವ್ಯಾಟ್ ಘಟಕ ಸುಮಾರು 250 ಮೋಟಾರು ತಿರುಗಿಸುತ್ತದೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆ ಫೀಡರ್, ಪಂಪ್‌ಸೆಟ್ ಫೀಡರ್ ಬೇರೆ ಮಾಡಿದ್ದು ಈಗ ಅನುಕೂಲಕ್ಕೆ ಬಂತು. ಹುಟ್ಟಿದ ವಿದ್ಯುತ್ ನಾಲ್ಕೈದು ಕಿಲೋಮೀಟರಿನೊಳಗೇ ಖರ್ಚಾದರೆ ಮೇಲಿನ ತಂತಿಗಳಿಗೆ ಭಾರವಿಲ್ಲ, ಸಾಗಣೆಯ ಸೋರಿಕೆಯೂ ಕಡಿಮೆ. ರೈತನಿಗೆ ನಡುರಾತ್ರಿ ಟಾರ್ಚು ಹಿಡಿದು ಹಾವು, ಹಂದಿಗಳ ನಡುವೆ ನೀರು ಕಟ್ಟಲು ಹೋಗುವುದು ತಪ್ಪುತ್ತದೆ. ಈ ಒಂದು ಕಾರಣಕ್ಕೇ ನಾನು ಈ ಯೋಜನೆಯನ್ನು ಬೆಂಬಲಿಸುತ್ತೇನೆ.

ಇನ್ನು ಗಾಳಿ. ಜಗಳೂರಿನ ಬಯಲು, ಚಿತ್ರದುರ್ಗದ ಜೋಗಿಮಟ್ಟಿಯ ಸಾಲುಗಳಲ್ಲಿ ರೆಕ್ಕೆಗಳು ಜೋರಾಗಿ ತಿರುಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಅದೇ ತಿಂಗಳಲ್ಲಿ ಶರಾವತಿ, ಕಾಳಿ ಜಲಾಶಯಗಳಿಗೂ ನೀರು ಬರುತ್ತದೆ, ಮಳೆಯಿಂದ ಪಂಪ್‌ಸೆಟ್ಟುಗಳೂ ನಿಲ್ಲುತ್ತವೆ. ವಿದ್ಯುತ್ ಹೆಚ್ಚು, ಬಳಕೆ ಕಡಿಮೆ. ಗಾಳಿ, ಸೌರ ವಿದ್ಯುತ್ತನ್ನು ಕೊಂಡೇ ತೀರಬೇಕೆಂದು 2021ರಲ್ಲಿ ಕೇಂದ್ರ ನಿಯಮ ಮಾಡಿದೆ. ಆದರೂ ಜಾಲ ತಡೆಯದಿದ್ದಾಗ ತಿರುಗುವ ರೆಕ್ಕೆಗಳನ್ನು ನಿಲ್ಲಿಸಬೇಕಾಗುತ್ತದೆ.

ಇಲ್ಲಿ ನಮ್ಮ ಜಿಲ್ಲೆಗೆ ಒಂದು ಅಪರೂಪದ ಅವಕಾಶವಿದೆ, ಅದರ ಬಗ್ಗೆ ಯಾರೂ ಮಾತಾಡುತ್ತಿಲ್ಲ ಎಂಬುದು ನನ್ನ ಬೇಸರ. ಹರಿಹರ ತಾಲ್ಲೂಕಿನ ರಾಜನಹಳ್ಳಿ ಬಳಿ ತುಂಗಭದ್ರೆಯಿಂದ ನೀರೆತ್ತಿ ದಾವಣಗೆರೆ ಭಾಗದ 22 ಕೆರೆಗಳಿಗೆ ಹರಿಸುವ ಏತ ನೀರಾವರಿ ಇದೆ. ಸಿರಿಗೆರೆ ತರಳಬಾಳು ಮಠದ ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿಯವರ ಮುತುವರ್ಜಿಯಿಂದ ಬಂದ, ದೀಟೂರಿನಿಂದ ಜಗಳೂರು ಭಾಗದ 57 ಕೆರೆಗಳನ್ನು ತುಂಬಿಸುವ ಯೋಜನೆಯೂ ಇದೆ. ಭಾರಿ ಪಂಪುಗಳು, ಭಾರಿ ವಿದ್ಯುತ್. ಇವು ಓಡುವುದು ಹೊಳೆ ತುಂಬಿದಾಗ, ಅಂದರೆ ಮಳೆಗಾಲದಲ್ಲಿ. ಗಾಳಿ ಬೀಸುವುದೂ ಆಗಲೇ! ಜಗಳೂರಿನ ಗಾಳಿ ಜಗಳೂರಿನ ಕೆರೆಗಳಿಗೇ ನೀರು ಎತ್ತಬಹುದು. ಕೆರೆಗೆ ಬೀಳುವ ನೀರು ಮಧ್ಯಾಹ್ನ ಬಿದ್ದರೇನು, ರಾತ್ರಿ ಬಿದ್ದರೇನು? ಗಾಳಿ ಹೆಚ್ಚಿದ ಗಂಟೆಗಳಲ್ಲಿ ಎಲ್ಲ ಪಂಪುಗಳನ್ನೂ ಓಡಿಸಿ, ಸಂಜೆ ಆರರಿಂದ ಹತ್ತರವರೆಗೆ, ಊರೆಲ್ಲ ದೀಪ ಹಾಕುವ ಹೊತ್ತಿನಲ್ಲಿ, ಕಡಿಮೆ ಮಾಡಿದರಾಯಿತು. ಇದಕ್ಕೆ ಹೊಸ ಅಣೆಕಟ್ಟು ಬೇಡ, ಬ್ಯಾಟರಿ ಬೇಡ. ಪಂಪ್‌ಹೌಸಿಗೂ ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಕೇಂದ್ರಕ್ಕೂ ನಡುವೆ ಒಂದು ಒಪ್ಪಂದ, ಗಂಟೆಗೆ ತಕ್ಕ ದರ, ಇಷ್ಟು ಸಾಕು.

ಹೆಚ್ಚುವರಿ ವಿದ್ಯುತ್ತನ್ನು ಕೂಡಿಡಲೆಂದೇ ಶರಾವತಿ ಕಣಿವೆಯಲ್ಲಿ ತಳಕಳಲೆ, ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಯೋಜನೆಗೆ ಸರ್ಕಾರ ಮುಂದಾಗಿದೆ. ಸಿಂಗಳೀಕಗಳ ಕಾಡಿನೊಳಗೆ ಸುರಂಗ ಕೊರೆಯಬೇಕು. ಏತ ನೀರಾವರಿಯ ಪಂಪುಗಳು ಅಷ್ಟು ದೊಡ್ಡ ಕೆಲಸ ಮಾಡಲಾರವು, ಎತ್ತಿದ ನೀರಿನಿಂದ ಮತ್ತೆ ವಿದ್ಯುತ್ ತೆಗೆಯುವ ಏರ್ಪಾಡೂ ಅಲ್ಲಿಲ್ಲ. ಆದರೂ ಘಟ್ಟಕ್ಕೆ ಕೈ ಹಾಕುವ ಮೊದಲು ಬಯಲಿನಲ್ಲಿ ಈಗಾಗಲೇ ಇರುವ ಪಂಪುಗಳ ವೇಳಾಪಟ್ಟಿಯನ್ನು ಬದಲಿಸಿ ನೋಡುವುದು ಸರ್ಕಾರದ ಕರ್ತವ್ಯ.

ತಂತಿಗಾಗಿ ಸರದಿ ನಿಲ್ಲುವುದು ನಮ್ಮೊಬ್ಬರ ಪಾಡಲ್ಲ. ಅಮೆರಿಕದಲ್ಲಿ 2023ರ ಕೊನೆಗೆ ಜಾಲಕ್ಕೆ ಸೇರಲು ಕಾಯುತ್ತಿದ್ದ ಯೋಜನೆಗಳ ಒಟ್ಟು ಸಾಮರ್ಥ್ಯ ಸುಮಾರು 2,600 ಗಿಗಾವ್ಯಾಟ್, ಆ ದೇಶದಲ್ಲಿ ಆಗ ನಡೆಯುತ್ತಿದ್ದ ಎಲ್ಲ ವಿದ್ಯುತ್ ಸ್ಥಾವರಗಳನ್ನು ಕೂಡಿಸಿದರೂ ಮೀರುವಷ್ಟು. ಅಲ್ಲಿಂದ ನಾವು ಕಲಿಯಬೇಕಾದ ಪಾಠ ಒಂದಿದೆ. ಕ್ಯಾಲಿಫೋರ್ನಿಯಾದ ವಿತರಣಾ ಕಂಪನಿಗಳು ಯಾವ ಫೀಡರಿನ ಯಾವ ಭಾಗದಲ್ಲಿ ಇನ್ನೆಷ್ಟು ಕಿಲೋವ್ಯಾಟ್ ಸೇರಬಹುದು ಎಂಬ ನಕ್ಷೆಯನ್ನು ಎಲ್ಲರಿಗೂ ತೆರೆದಿಟ್ಟಿವೆ. ಹಣ ಹೂಡುವವನು ಮೊದಲು ನಕ್ಷೆ ನೋಡುತ್ತಾನೆ, ಆಮೇಲೆ ಜಾಗ ಹುಡುಕುತ್ತಾನೆ.

ದಾವಣಗೆರೆ, ಹರಿಹರದಲ್ಲಿ ಇದು ಆಗದ ಕೆಲಸವೇನಲ್ಲ. ಯಾವ ಆರ್.ಆರ್. ನಂಬರ್ (ಬಿಲ್ಲಿನ ಮೇಲಿರುವ ಸಂಪರ್ಕ ಸಂಖ್ಯೆ) ಯಾವ ಟಿ.ಸಿ.ಗೆ ಸೇರಿದೆ, ಟಿ.ಸಿ. ಎಷ್ಟು ಕೆ.ವಿ.ಎ., ಅದರ ಕೆಳಗೆ ಎಷ್ಟು ಸೋಲಾರ್ ಈಗಾಗಲೇ ಇದೆ, ಇಷ್ಟೂ ಬೆಸ್ಕಾಂ ತನ್ನ ಕೆಲಸಕ್ಕಾಗಿ ಇಟ್ಟುಕೊಳ್ಳಲೇಬೇಕಾದ ಮಾಹಿತಿ. ಅದನ್ನು ಜಾಲತಾಣದಲ್ಲಿ ಹಾಕಲಿ. ಪ್ರತಿ ಟಿ.ಸಿ. ಕಂಬದ ಮೇಲೂ ಹಳದಿ ಬಣ್ಣದಲ್ಲಿ ಎರಡು ಸಂಖ್ಯೆ ಬರೆಸಲಿ, ಸಾಮರ್ಥ್ಯ ಎಷ್ಟು, ಸೋಲಾರ್‌ಗೆ ಉಳಿದಿರುವುದು ಎಷ್ಟು. ಜಿಲ್ಲೆಯ 66 ಕೆ.ವಿ. ಕೇಂದ್ರಗಳಲ್ಲಿ ಖಾಲಿ ಬೇ ಎಷ್ಟಿವೆ ಎಂಬುದನ್ನು ಕೆಪಿಟಿಸಿಎಲ್ ಪ್ರಕಟಿಸಲಿ. ಗುಟ್ಟು ಇರುವಲ್ಲಿ ಮಧ್ಯವರ್ತಿ ಹುಟ್ಟುತ್ತಾನೆ. ಬಹಿರಂಗವಾಗಿ ಬರೆದ ಸಂಖ್ಯೆಗೆ ಮಧ್ಯವರ್ತಿ ಬೇಕಾಗುವುದಿಲ್ಲ.

ಓದುಗರಲ್ಲೂ ಒಂದು ಕೋರಿಕೆ. ಸೋಲಾರ್ ಮಾರುವವರಿಗೆ ಮುಂಗಡ ಕೊಡುವ ಮೊದಲು ನಿಮ್ಮ ವಿದ್ಯುತ್ ಬಿಲ್ಲು ಹಿಡಿದು ಸೆಕ್ಷನ್ ಆಫೀಸಿಗೆ ಹೋಗಿ. ನಿಮ್ಮ ಆರ್.ಆರ್. ನಂಬರ್ ಇರುವ ಟಿ.ಸಿ. ಎಷ್ಟು ಕೆ.ವಿ.ಎ., ಅದರ ಮೇಲೆ ಈಗ ಎಷ್ಟು ಸೋಲಾರ್ ಇದೆ ಎಂದು ಬರೆದು ಕೇಳಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಬೀದಿಯ ನಾಲ್ಕು ಮನೆಯವರು ಸೇರಿ ಕೇಳಿದರೆ ಇನ್ನೂ ಒಳ್ಳೆಯದು. 5 ಕಿಲೋವ್ಯಾಟ್‌ವರೆಗೆ ಆ ಟಿ.ಸಿ. ಬಲಪಡಿಸುವ ಖರ್ಚು ಈಗ ನಿಮ್ಮದಲ್ಲ, ವಿತರಣಾ ಕಂಪನಿಯದು.